ಚೀನೀ ಮದ್ದು, ಆಸ್ಪತ್ರೆ ಮದ್ದು: ಎರಡನ್ನೂ ಒಟ್ಟಿಗೆ ಬಳಸುವವರಿಗೆ ಮಾರ್ಗದರ್ಶಿ

"ಅಮ್ಮನಿಗೆ ಮಂಡಿನೋವು, ಇಲ್ಲಿನ ಚೀನೀ ವೈದ್ಯರ ಹತ್ತಿರ ಕರೆದುಕೊಂಡು ಹೋಗಲೇ?" "ಬಿಪಿ ಮಾತ್ರೆ ನಡೀತಿದೆ, ಜೊತೆಗೆ ಅವರು ಕೊಟ್ಟ ಪುಡಿ ಕುಡಿಯಬಹುದಾ?" "ಕೀಮೋ ನಡೆಯುವಾಗ ಸೂಜಿ ಚುಚ್ಚಿಸಿಕೊಂಡರೆ ವಾಂತಿ ಕಡಿಮೆಯಾಗುತ್ತದಂತೆ, ನಿಜವೇ?" ಸಿಂಗಪುರ, ಹಾಂಗ್‌ಕಾಂಗ್, ಶಾಂಘೈ, ಅಮೆರಿಕಗಳಲ್ಲಿರುವ ಕನ್ನಡಿಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೂ ತುಂಡುತುಂಡಾಗಿ ಉತ್ತರಿಸುವ ಬದಲು ಹಂತಹಂತವಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎರಡನ್ನೂ ಒಟ್ಟಿಗೆ ಬಳಸಬಹುದು. ಚೀನಾದಲ್ಲಿ ಕೋಟ್ಯಂತರ ಜನ ದಿನವೂ ಬಳಸುತ್ತಾರೆ. ಆದರೆ ಅಪಾಯ ಹುಟ್ಟುವ ಜಾಗವೊಂದಿದೆ. ಆಸ್ಪತ್ರೆ ಡಾಕ್ಟರಿಗೆ ನೀವು ಕುಡಿಯುತ್ತಿರುವ ಕಷಾಯದ ಸುದ್ದಿ ಗೊತ್ತಿರುವುದಿಲ್ಲ, ಚೀನೀ ವೈದ್ಯರಿಗೆ ನಿಮ್ಮ ಮಾತ್ರೆಗಳ ಸುದ್ದಿ ಗೊತ್ತಿರುವುದಿಲ್ಲ. ಎರಡೂ ಗೊತ್ತಿರುವವರು ನೀವೊಬ್ಬರೇ. ಹಾಗಾಗಿ ಎರಡು ಪದ್ಧತಿಗಳನ್ನು ಸೇರಿಸುವ ಕೆಲಸದ ದೊಡ್ಡ ಪಾಲು ನಿಮ್ಮ ಕೈಯಲ್ಲೇ ಇದೆ. ಈ ಬರಹ ಆ ಕೆಲಸಕ್ಕಾಗಿ. ಇದು ನಿಮ್ಮ ಡಾಕ್ಟರ ಸಲಹೆಗೆ ಬದಲಿಯಲ್ಲ.

ಮೊದಲು ನೀವಿರುವ ದೇಶದ ವ್ಯವಸ್ಥೆ ತಿಳಿದುಕೊಳ್ಳಿ, ಏಕೆಂದರೆ ನಿಮ್ಮ ಹೊಣೆ ಎಷ್ಟು ಎಂಬುದು ಅದರ ಮೇಲೆ ನಿಂತಿದೆ. ಚೀನಾದಲ್ಲಿ ಎರಡನ್ನೂ ಬೆಸೆಯುವುದು 1950ರ ದಶಕದಿಂದ ಸರ್ಕಾರದ್ದೇ ನೀತಿ. 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಝೌ, ಚೆಂಗ್ಡುಗಳಲ್ಲಿ ಚೀನೀ ವೈದ್ಯಕೀಯ ಕಾಲೇಜುಗಳು ಶುರುವಾದವು. ಅಲ್ಲಿನ ಚೀನೀ ವೈದ್ಯ ಆಸ್ಪತ್ರೆಗಳಲ್ಲಿ ಸಿ.ಟಿ. ಸ್ಕ್ಯಾನೂ ಇದೆ, ಮೂಲಿಕೆ ತೂಗಿ ಕೊಡುವ ಕೌಂಟರೂ ಇದೆ. ಒಬ್ಬರೇ ಡಾಕ್ಟರು ಎರಡೂ ಬಗೆಯ ಮದ್ದು ಬರೆಯಬಹುದು. ಜಪಾನಿನಲ್ಲಿ ಚೀನೀ ಮೂಲದ 'ಕಾಂಪೊ' ಔಷಧಿಗಳನ್ನು ಬರೆಯುವವರು ಎಂ.ಬಿ.ಬಿ.ಎಸ್.ಗೆ ಸಮನಾದ ಓದು ಮುಗಿಸಿದ ಡಾಕ್ಟರುಗಳೇ. ಅಂಥ 148 ಯೋಗಗಳಿಗೆ (ಮೂಲಿಕೆಗಳನ್ನು ಕೂಡಿಸಿ ಮಾಡಿದ ಮದ್ದುಗಳಿಗೆ) ಅಲ್ಲಿನ ಆರೋಗ್ಯ ವಿಮೆ ಅನ್ವಯಿಸುತ್ತದೆ. ಹಾಂಗ್‌ಕಾಂಗ್ ಸರ್ಕಾರಿ ಆಸ್ಪತ್ರೆಗಳಲ್ಲಿ ಪಾರ್ಶ್ವವಾಯು, ಸೊಂಟನೋವು ಮತ್ತು ಕ್ಯಾನ್ಸರ್‌ನ ಉಪಶಮನ ಆರೈಕೆಗೆ ಎರಡೂ ಪದ್ಧತಿಗಳ ವೈದ್ಯರು ಕೂಡಿ ನೋಡುವ ಪ್ರಯೋಗ 2014ರಲ್ಲಿ ಆರಂಭವಾಯಿತು. ಸಿಂಗಪುರದಲ್ಲಿ ಎರಡೂ ಬೇರೆ ಬೇರೆ ದಾರಿ: ನೋಂದಾಯಿತ ಚೀನೀ ವೈದ್ಯರು ಆಸ್ಪತ್ರೆ ಔಷಧಿ ಬರೆಯುವಂತಿಲ್ಲ. ಅಮೆರಿಕ, ಬ್ರಿಟನ್, ಭಾರತಗಳಲ್ಲಿ ಈ ಕೊಠಡಿಗೂ ಆ ಕೊಠಡಿಗೂ ಸಂಪರ್ಕವೇ ಇಲ್ಲವೆನ್ನಬಹುದು. ಸಂಪರ್ಕ ಕಡಿಮೆಯಿದ್ದಷ್ಟೂ ಮುಂದಿನ ಹಂತಗಳನ್ನು ನೀವು ಹೆಚ್ಚು ಕಟ್ಟುನಿಟ್ಟಾಗಿ ಪಾಲಿಸಬೇಕು.

ಬೆಸೆಯುವುದು ಅಂದರೆ ಏನು ಎನ್ನುವುದಕ್ಕೆ ನಾನು ಸದಾ ಕೊಡುವ ಉದಾಹರಣೆ ಚೀನಾದ ವಿಜ್ಞಾನಿ ತು ಯೂಯೂ ಅವರ ಮಲೇರಿಯಾ ಔಷಧಿ. 4ನೇ ಶತಮಾನದ ಗೆ ಹಾಂಗ್ ಎಂಬ ವೈದ್ಯರ ಗ್ರಂಥದಲ್ಲಿ, ಚಿಂಗ್‌ಹಾವ್ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂದಿತ್ತು, ಕುದಿಸುವ ಮಾತಿರಲಿಲ್ಲ. ಬಿಸಿಗೆ ಸತ್ವ ಕೆಡುತ್ತಿರಬಹುದೆಂದು ಊಹಿಸಿದ ತು ಯೂಯೂ ಕಡಿಮೆ ಉಷ್ಣದಲ್ಲಿ ಈಥರ್ ಬಳಸಿ ಸತ್ವ ತೆಗೆದರು. 1971ರಲ್ಲಿ ಅದು ಪ್ರಾಣಿಗಳ ಮೇಲೆ ಫಲ ಕೊಟ್ಟಿತು. ಆಮೇಲೆ ಮನುಷ್ಯರ ಮೇಲೆ ಪರೀಕ್ಷೆ, ಪ್ರಮಾಣ ನಿಗದಿ, 2015ರಲ್ಲಿ ನೊಬೆಲ್. ಮಂಗಳೂರು ಕಡೆ ಫಾಲ್ಸಿಪೇರಮ್ ಮಲೇರಿಯಾ ಬಂದವರಿಗೆ ಕೊಡುವ ಮಾತ್ರೆಯೂ ಇದೇ ಸಂತತಿಯದು. ಹಳೆಯ ಗ್ರಂಥ ದಾರಿ ತೋರಿಸಿತು, ಪರೀಕ್ಷೆ ಅದನ್ನು ಔಷಧಿಯಾಗಿಸಿತು. ನಿಮ್ಮ ಮನೆಯ ಮಟ್ಟದಲ್ಲೂ ಇದೇ ಕ್ರಮ ಬೇಕು: ತಿಳಿದು ತೆಗೆದುಕೊಳ್ಳಿ, ಅಳೆದು ನೋಡಿ, ಫಲವಿಲ್ಲದಿದ್ದರೆ ಬಿಡಿ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ಹಾಳೆ, ಫೋಟೊ ತೆಗೆಯಲು ಫೋನು, ಕಳೆದ ಕೆಲವು ತಿಂಗಳ ರಕ್ತಪರೀಕ್ಷೆಯ ವರದಿ, ಬಿಪಿ ಅಥವಾ ಶುಗರ್ ಇರುವವರಿಗೆ ಮನೆಯಲ್ಲೇ ಅಳೆಯುವ ಯಂತ್ರ.

ಹಂತ 1: ಕಾಯಿಲೆ ಏನೆಂದು ಆಸ್ಪತ್ರೆಯಲ್ಲಿ ತಿಳಿದುಕೊಳ್ಳಿ

ಚೀನೀ ವೈದ್ಯರು ನಾಲಿಗೆ ನೋಡುತ್ತಾರೆ, ಎರಡೂ ಕೈಯ ನಾಡಿ ಹಿಡಿಯುತ್ತಾರೆ, ನಿದ್ದೆ, ಹಸಿವು, ಬೆವರು, ಮಲಮೂತ್ರ ಎಲ್ಲ ಕೇಳುತ್ತಾರೆ. ಅಷ್ಟು ಸಮಾಧಾನದಿಂದ ಕೂತು ಕೇಳುವ ರೀತಿಯೇ ಅನೇಕರಿಗೆ ಅರ್ಧ ಗುಣ ತರುತ್ತದೆ. ಆದರೆ ಸೊಂಟನೋವಿನ ಹಿಂದೆ ಮೂಳೆಮುರಿತವೋ ಗಡ್ಡೆಯೋ ಸೋಂಕೋ ಇದ್ದರೆ ಅದು ನಾಡಿಯಲ್ಲಿ ಸಿಗುವುದಿಲ್ಲ. ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಬಿಡದ ಜ್ವರ, ಎದೆನೋವು, ಕೈಕಾಲು ಬಲ ಕಳೆದುಕೊಳ್ಳುವುದು, ಹೊಸದಾಗಿ ಶುರುವಾದ ತೀವ್ರ ತಲೆನೋವು ಇವುಗಳಲ್ಲಿ ಯಾವುದಿದ್ದರೂ ಮೊದಲು ಆಸ್ಪತ್ರೆ.

ಇಲ್ಲೊಂದು ಗೊಂದಲ ತಪ್ಪಿಸಬೇಕು. "ನಿಮ್ಮ ಕಿಡ್ನಿ ದುರ್ಬಲ" ಎಂದು ಚೀನೀ ವೈದ್ಯರು ಹೇಳಿದರೆಂದು ಗಾಬರಿಯಿಂದ ಬರೆಯುವವರಿದ್ದಾರೆ. ಅವರ ಶಾಸ್ತ್ರದಲ್ಲಿ ಕಿಡ್ನಿ, ಲಿವರ್, ಸ್ಪ್ಲೀನ್ ಎಂದರೆ ಅಂಗಗಳಷ್ಟೇ ಅಲ್ಲ, ದೇಹದ ಕೆಲವು ಕೆಲಸಗಳ ಗುಂಪು. ಸೊಂಟನೋವು, ಸುಸ್ತು, ರಾತ್ರಿ ಪದೇ ಪದೇ ಮೂತ್ರ ಇವೆಲ್ಲ 'ಕಿಡ್ನಿ ದೌರ್ಬಲ್ಯ'ದ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಸರಿಯಾಗಿದ್ದರೆ ಹೆದರಬೇಡಿ. ತಿರುಗುಮುರುಗೂ ನಿಜ: ಚೀನೀ ವೈದ್ಯರು "ಕಿಡ್ನಿ ಗಟ್ಟಿಯಾಗಿದೆ" ಅಂದರೆಂದು ಕ್ರಿಯಾಟಿನಿನ್ ಪರೀಕ್ಷೆ ಬಿಡುವಂತಿಲ್ಲ.

ಹಂತ 2: ಒಂದೇ ಹಾಳೆ ಮಾಡಿ

ಒಂದು ಹಾಳೆಯಲ್ಲಿ ನೀವು ತೆಗೆದುಕೊಳ್ಳುವುದನ್ನೆಲ್ಲ ಬರೆಯಿರಿ: ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾವ ಕಾಯಿಲೆಗೆ. ಕೆಳಗೆ ಅಲರ್ಜಿ, ಹಿಂದಿನ ಆಪರೇಷನ್, ಬಸುರಿಯೇ, ಹಾಲೂಡಿಸುತ್ತಿದ್ದೀರೇ ಎಂಬುದನ್ನೂ ಸೇರಿಸಿ.

ನಮ್ಮವರು ತಪ್ಪುವುದು ಇಲ್ಲಿಯೇ. ಊರಿಂದ ತಂದ ಅಶ್ವಗಂಧ, ತ್ರಿಫಲಾ ಚೂರ್ಣ, ಶುಗರ್‌ಗೆಂದು ಕುಡಿಯುವ ಮೆಂತ್ಯದ ನೀರು, ಆಯುರ್ವೇದದ ಅರಿಷ್ಟ, ನಾಟಿ ವೈದ್ಯರು ಕೊಟ್ಟ ಪುಡಿ ಇವನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?" ಎಂದರೆ "ಏನೂ ಇಲ್ಲ" ಎನ್ನುತ್ತಾರೆ. ಆಸ್ಪತ್ರೆ ಮದ್ದು, ಚೀನೀ ಮದ್ದು, ಆಯುರ್ವೇದ ಮೂರೂ ಒಂದೇ ಹೊಟ್ಟೆಗೆ ಹೋಗುತ್ತಿದ್ದರೆ ಮೂರೂ ಹಾಳೆಯಲ್ಲಿರಬೇಕು. ಹಾಳೆಯ ಫೋಟೊ ಫೋನಿನಲ್ಲಿರಲಿ. ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ.

ಹಂತ 3: ವೈದ್ಯರ ನೋಂದಣಿ ನೋಡಿ

ಸಿಂಗಪುರದಲ್ಲಿ ಚೀನೀ ವೈದ್ಯರ ಕಾನೂನು 2000ರಲ್ಲಿ ಬಂದಿತು. ಅದರಡಿ ಇರುವ ಮಂಡಳಿಯ ಜಾಲತಾಣದಲ್ಲಿ ವೈದ್ಯರ ಹೆಸರು ಹುಡುಕಬಹುದು. ಹಾಂಗ್‌ಕಾಂಗ್‌ನಲ್ಲಿ 1999ರ ಕಾನೂನು, ಅದರಂತೆ ಚೀನೀ ವೈದ್ಯ ಪರಿಷತ್ತು. ಆಸ್ಟ್ರೇಲಿಯಾದಲ್ಲಿ 2012ರಿಂದ ದೇಶವ್ಯಾಪಿ ನೋಂದಣಿ. ಅಮೆರಿಕದಲ್ಲಿ ರಾಜ್ಯವಾರು ಲೈಸೆನ್ಸ್. ಸೂಜಿಗೆ ಲೈಸೆನ್ಸ್ ಇದ್ದವರು ಮೂಲಿಕೆಯನ್ನೂ ಕಲಿತಿರುತ್ತಾರೆಂದು ಎಣಿಸಬೇಡಿ, ಕೇಳಿ. ಬ್ರಿಟನ್ನಿನಲ್ಲಿ ಕಾನೂನಿನ ನೋಂದಣಿ ಇಲ್ಲ, ಸ್ವಯಂಪ್ರೇರಿತ ಸಂಘಗಳ ಸದಸ್ಯತ್ವವಷ್ಟೇ.

ಕರ್ನಾಟಕದಲ್ಲಿರುವವರಿಗೆ: 2019ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಕ್ಯುಪಂಕ್ಚರ್‌ಗೆ (ಸೂಜಿ ಚಿಕಿತ್ಸೆಗೆ) ಮಾನ್ಯತೆ ನೀಡಿತು. ಆದರೆ ಆಯುಷ್ ಪಟ್ಟಿಯಲ್ಲಿ ಆಯುರ್ವೇದ, ಯೋಗ, ನ್ಯಾಚುರೋಪಥಿ, ಯುನಾನಿ, ಸಿದ್ಧ, ಸೋವಾ ರಿಗ್ಪ, ಹೋಮಿಯೋಪಥಿ ಇವೆಯೇ ಹೊರತು ಚೀನೀ ಮೂಲಿಕೆ ವೈದ್ಯ ಇಲ್ಲ. ಆದ್ದರಿಂದ ಊರಲ್ಲಿ ಯಾರಾದರೂ "ಚೀನೀ ಮದ್ದು" ಎಂದು ಗುಳಿಗೆ ಕೊಟ್ಟರೆ ಬೇಡವೆನ್ನಿ. ಸೂಜಿ ಚಿಕಿತ್ಸೆ ಬೇಕಿದ್ದರೆ ವೈದ್ಯಕೀಯ ಪದವಿ ಇದ್ದು, ಅಕ್ಯುಪಂಕ್ಚರ್ ತರಬೇತಿಯನ್ನೂ ಪಡೆದವರನ್ನು ಹುಡುಕಿ.

ಒಂದು ಮಾತು ಎಲ್ಲ ದೇಶಕ್ಕೂ ಅನ್ವಯಿಸುತ್ತದೆ. "ಆಸ್ಪತ್ರೆಯ ಮಾತ್ರೆ ನಿಲ್ಲಿಸಿ, ನಮ್ಮದೇ ಸಾಕು" ಎನ್ನುವವರ ಬಳಿ ಎರಡನೇ ಸಲ ಹೋಗಬೇಡಿ. ಒಳ್ಳೆಯ ಚೀನೀ ವೈದ್ಯರು ಹಾಗೆ ಹೇಳುವುದಿಲ್ಲ. ನಿಮ್ಮ ಹಾಳೆಯನ್ನು ಕೇಳಿ ಪಡೆದು ಓದುತ್ತಾರೆ.

ಹಂತ 4: ಸೂಜಿಯೋ, ಮೂಲಿಕೆಯೋ ಎಂದು ತೀರ್ಮಾನಿಸಿ

ಚೀನೀ ವೈದ್ಯವೆಂದರೆ ಒಂದೇ ವಸ್ತುವಲ್ಲ. ಸೂಜಿ, ಕಪ್ಪಿಂಗ್ (ಬಟ್ಟಲು ಹಚ್ಚಿ ಚರ್ಮ ಹೀರಿಸುವುದು), ಗ್ವಾಶಾ (ಚರ್ಮವನ್ನು ಕೆರೆಯುವಂತೆ ಉಜ್ಜುವುದು), ಮಾಲೀಶು, ಥಾಯ್‌ಚಿ ವ್ಯಾಯಾಮ, ಮೂಲಿಕೆ ಎಲ್ಲ ಸೇರಿವೆ. ಆಸ್ಪತ್ರೆ ಔಷಧಿ ತೆಗೆದುಕೊಳ್ಳುವವರಿಗೆ ನನ್ನ ಸಲಹೆ: ಮೊದಲು ಸೂಜಿ, ಬೇಕೇ ಬೇಕೆಂದರೆ ಆಮೇಲೆ ಮೂಲಿಕೆ. ಸೂಜಿ ಹೊಟ್ಟೆಗೆ ಹೋಗುವುದಿಲ್ಲ, ಹಾಗಾಗಿ ಮಾತ್ರೆಗಳೊಡನೆ ಜಗಳವಾಡುವುದಿಲ್ಲ.

ಅದರಿಂದ ಫಲವೆಷ್ಟು? 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿ, ಆಪರೇಷನ್ ನಂತರದ ಮತ್ತು ಕೀಮೋದ ವಾಕರಿಕೆ-ವಾಂತಿಗೆ ಅಕ್ಯುಪಂಕ್ಚರ್ ಉಪಯುಕ್ತವೆಂದು ಒಪ್ಪಿತು. ಮಣಿಕಟ್ಟಿನ ಒಳಮಗ್ಗುಲಲ್ಲಿ, ಮೂರು ಬೆರಳು ಮೇಲೆ ಇರುವ 'ನೇಗ್ವಾನ್' ಬಿಂದುವನ್ನು ಇದಕ್ಕೆ ಬಳಸುತ್ತಾರೆ. ಸೂಜಿ ಬೇಡವಾದವರು ಅಲ್ಲಿ ಒತ್ತಿಕೊಳ್ಳಲೂಬಹುದು. ಮೈಗ್ರೇನ್ ಮತ್ತು ಬಿಗಿತದ ತಲೆನೋವು ಪದೇ ಪದೇ ಬರುವವರಿಗೆ 5ರಿಂದ 8 ವಾರಗಳಲ್ಲಿ 10 ಸಲದವರೆಗೆ ಸೂಜಿ ಪ್ರಯತ್ನಿಸಬಹುದೆಂದು ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ 'ನೈಸ್' ಸಂಸ್ಥೆ 2012ರಲ್ಲಿ ಹೇಳಿತು. ದೀರ್ಘಕಾಲದ ಸೊಂಟನೋವಿಗೆ ಅಮೆರಿಕದ ಮೆಡಿಕೇರ್ ವಿಮೆ 2020ರಿಂದ 90 ದಿನಗಳಲ್ಲಿ 12 ಸಲ ಸೂಜಿಯ ಖರ್ಚು ಕೊಡುತ್ತದೆ. ಅದೇ ಸೊಂಟನೋವಿಗೆ ನೈಸ್ 2016ರಲ್ಲಿ ಬೇಡವೆಂದಿತು ಎಂಬುದೂ ನಿಮಗೆ ತಿಳಿದಿರಲಿ. ಜರ್ಮನಿಯಲ್ಲಿ ಸೊಂಟನೋವಿನವರ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರಲ್ಲಿ ನಿಜವಾದ ಬಿಂದುಗಳಿಗೆ ಚುಚ್ಚಿದರೂ, ಬೇರೆಲ್ಲೋ ಮೇಲೆಮೇಲೆ ಚುಚ್ಚಿದರೂ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚು ಜನರಿಗೆ ನೋವು ಇಳಿಯಿತು; ಎರಡರ ನಡುವೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನೋವಿಗೆ ಒಂದು ಪ್ರಯತ್ನ ಮಾಡಲು ಇಷ್ಟು ಆಧಾರ ಸಾಕು. ಕ್ಯಾನ್ಸರ್ ಗಡ್ಡೆ, ಶುಗರ್, ಹೃದಯದ ರಕ್ತನಾಳದ ತಡೆ ಸೂಜಿಯಿಂದ ವಾಸಿಯಾಗುತ್ತವೆಂದು ನಂಬಲು ಆಧಾರವಿಲ್ಲ.

"ಚೀನಾದಲ್ಲಿ ಅರಿವಳಿಕೆಯಿಲ್ಲದೆ ಬರೀ ಸೂಜಿ ಚುಚ್ಚಿ ಅಮೆರಿಕದ ಪತ್ರಕರ್ತನಿಗೆ ಅಪೆಂಡಿಕ್ಸ್ ಆಪರೇಷನ್ ಮಾಡಿದರಂತಲ್ಲ" ಎಂದು ಅನೇಕರು ಕೇಳುತ್ತಾರೆ. 1971ರಲ್ಲಿ ಬೀಜಿಂಗ್‌ನಲ್ಲಿ ಆಪರೇಷನ್ ಆದ ಜೇಮ್ಸ್ ರೆಸ್ಟನ್ ಅವರ ಕಥೆ ಅದು. ಆಪರೇಷನ್ ನಡೆದದ್ದು ಮಾಮೂಲಿ ಅರಿವಳಿಕೆ ಚುಚ್ಚುಮದ್ದಿನಲ್ಲೇ. ಸೂಜಿ ಹಾಕಿದ್ದು ಆಮೇಲೆ, ಹೊಟ್ಟೆಯುಬ್ಬರದ ಬಾಧೆಗೆ.

ಸೂಜಿಗೆ ಮುನ್ನ ಕೇಳಬೇಕಾದ್ದು: ಒಮ್ಮೆ ಬಳಸಿ ಎಸೆಯುವ ಸೂಜಿಯೇ? ಮುಚ್ಚಿದ ಪೊಟ್ಟಣ ನಿಮ್ಮೆದುರೇ ತೆರೆಯಲಿ. ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ. ಕಪ್ಪಿಂಗ್, ಗ್ವಾಶಾ ನಿಮಗೆ ಬೇಡ. ಪೇಸ್‌ಮೇಕರ್ ಇದ್ದವರು ಸೂಜಿಗೆ ಕರೆಂಟು ಹಾಯಿಸುವ ಎಲೆಕ್ಟ್ರೊ ಅಕ್ಯುಪಂಕ್ಚರ್ ಮಾಡಿಸಿಕೊಳ್ಳಬಾರದು. ಕೀಮೋದಿಂದ ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್ ಇಳಿದಿದ್ದರೆ ಕ್ಯಾನ್ಸರ್ ಡಾಕ್ಟರ ಒಪ್ಪಿಗೆಯಿಲ್ಲದೆ ಚುಚ್ಚಿಸಿಕೊಳ್ಳಬೇಡಿ. ಬಸುರಿಯರು ಅದನ್ನು ಮೊದಲ ಮಾತಾಗಿ ಹೇಳಬೇಕು, ಏಕೆಂದರೆ ಕೆಲವು ಬಿಂದುಗಳನ್ನು ಆಗ ಚೀನೀ ಶಾಸ್ತ್ರವೇ ನಿಷೇಧಿಸುತ್ತದೆ. ಭುಜ, ಬೆನ್ನಿನ ಮೇಲ್ಭಾಗ, ಎದೆಗೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯ ಅಪರೂಪಕ್ಕಾದರೂ ಇದೆ. ಚುಚ್ಚಿಸಿಕೊಂಡ ಮೇಲೆ ಉಸಿರು ಕಟ್ಟಿದಂತಾದರೆ, ಎದೆ ಚುಳ್ಳೆಂದರೆ ಮನೆಗೆ ಹೋಗಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಹಂತ 5: ಪೊಟ್ಟಣದಲ್ಲಿ ಏನಿದೆಯೆಂದು ಬರೆಸಿಕೊಳ್ಳಿ

ಮೂಲಿಕೆ ತೆಗೆದುಕೊಳ್ಳುವುದೆಂದು ನಿಶ್ಚಯಿಸಿದರೆ, ಪ್ರತಿ ಮೂಲಿಕೆಯ ಹೆಸರು ಮತ್ತು ಗ್ರಾಂ ಬರೆದ ಚೀಟಿ ಕೇಳಿ. ಚೀನೀ ಲಿಪಿ ಮತ್ತು ಸಸ್ಯಶಾಸ್ತ್ರದ ಹೆಸರು ಎರಡೂ ಇರಲಿ. ಚೀನೀ ಲಿಪಿ ನಿಮಗೆ ಓದಲು ಬಾರದಿದ್ದರೂ ಆಸ್ಪತ್ರೆಯ ಫಾರ್ಮಸಿಸ್ಟ್ ಹುಡುಕಿ ನೋಡಲು ಬೇಕಾಗುತ್ತದೆ. "ಗುಟ್ಟಿನ ಯೋಗ, ಹೇಳಲಾಗದು" ಎಂದರೆ ಎದ್ದು ಬನ್ನಿ.

ಸಸ್ಯಶಾಸ್ತ್ರದ ಹೆಸರು ಯಾಕೆ ಬೇಕೆಂಬುದಕ್ಕೆ ಬೆಲ್ಜಿಯಂನ ದುರಂತವೇ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ತೂಕ ಇಳಿಸುವ ಕ್ಲಿನಿಕ್ಕೊಂದರಲ್ಲಿ 'ಫಾಂಗ್‌ಜಿ' ಎಂಬ ಬೇರು ಸೇರಿದ ಗುಳಿಗೆ ಕೊಡುತ್ತಿದ್ದರು. ಹೆಸರು ಹೆಚ್ಚುಕಡಿಮೆ ಒಂದೇ ಆದ 'ಗ್ವಾಂಗ್ ಫಾಂಗ್‌ಜಿ' ಎಂಬ ಬೇರೆ ಬೇರು ಅದರ ಜಾಗದಲ್ಲಿ ಬಂದು ಕೂತಿತು. ಅದರಲ್ಲಿದ್ದ ಅರಿಸ್ಟೊಲೊಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು. ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರೂ ಬಂದಿತು. ಈ ಆಮ್ಲವಿರುವ ಯಾವ ಮೂಲಿಕೆಯೂ, ಎಷ್ಟೇ ಕಡಿಮೆ ಇದ್ದರೂ ಬೇಡ.

ಗುಳಿಗೆ, ಪುಡಿ, ಸಿರಪ್ಪಿನ ರೂಪದಲ್ಲಿ ಸಿಗುವ ಸಿದ್ಧ ಔಷಧಿಗಳಿಗೆ ಇನ್ನೂ ಎರಡು ಎಚ್ಚರಿಕೆ ಸೇರಿಸಬೇಕು.

ಒಂದು, ಚೀನೀ ಹೆಸರಿನ ಡಬ್ಬಿಯಲ್ಲಿ ಆಸ್ಪತ್ರೆ ಮದ್ದೇ ಇರಬಹುದು, ಅದೂ ಕಾನೂನುಬದ್ಧವಾಗಿ. ಚೀನಾದಲ್ಲಿ ಮಾರುವ ಔಷಧಿಯ ಮೇಲೆ ಸರ್ಕಾರಿ ಅನುಮತಿ ಸಂಖ್ಯೆ ಇರುತ್ತದೆ. ಅದರಲ್ಲಿ ಇಂಗ್ಲಿಷಿನ ಝಡ್ ಅಕ್ಷರವಿದ್ದರೆ ಚೀನೀ ಔಷಧಿ, ಎಚ್ ಇದ್ದರೆ ರಾಸಾಯನಿಕ ಔಷಧಿ. ಆದರೆ ಝಡ್ ಇದ್ದ ಮಾತ್ರಕ್ಕೆ ಬರೀ ಮೂಲಿಕೆ ಎಂದುಕೊಳ್ಳುವಂತಿಲ್ಲ. ನೆಗಡಿಗೆ ಮನೆಮನೆಯಲ್ಲೂ ಬಳಸುವ 'ಗಾನ್‌ಮಾವೊಲಿಂಗ್' ಪುಡಿಯ ಒಂದು ಪೊಟ್ಟಣದಲ್ಲಿ 200 ಮಿಲಿಗ್ರಾಂ ಪ್ಯಾರಸಿಟಮಾಲ್ ಇರುತ್ತದೆ, ಜೊತೆಗೆ ನಿದ್ದೆ ತರಿಸುವ ಅಲರ್ಜಿ ಮದ್ದು. ಅದರ ಮೇಲೆ ಊರಿಂದ ತಂದ ಡೋಲೋ 650 ನುಂಗುತ್ತಾ ಹೋದರೆ ಲಿವರ್‌ಗೆ ಭಾರ. ಶುಗರ್‌ಗೆ ಕೊಡುವ 'ಶಿಯಾವೊಕೆ' ಗುಳಿಗೆ ಒಂದೊಂದರಲ್ಲೂ 0.25 ಮಿಲಿಗ್ರಾಂ ಗ್ಲೈಬೆನ್‌ಕ್ಲಮೈಡ್ ಇದೆ. ಹೊತ್ತಿಗೆ 10 ಗುಳಿಗೆಯಂತೆ ಮೂರು ಹೊತ್ತು ತೆಗೆದುಕೊಂಡರೆ 7.5 ಮಿಲಿಗ್ರಾಂ ಆಯಿತು. ಇದು ಶುಗರ್ ಇಳಿಸುವ ಜೋರಾದ ಮಾತ್ರೆಯೇ. "ಗಿಡಮೂಲಿಕೆ ತಾನೇ" ಎಂದು ನಿಮ್ಮ ಮಾಮೂಲಿ ಮಾತ್ರೆಯ ಮೇಲೆ ಇದನ್ನೂ ತೆಗೆದುಕೊಂಡರೆ ಶುಗರ್ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಬಹುದು.

ಇನ್ನೊಂದು, ಕದ್ದು ಬೆರೆಸಿದ ಮದ್ದು. ಕೀಲುನೋವಿನ ಗುಳಿಗೆಯಲ್ಲಿ ಸ್ಟಿರಾಯ್ಡ್, ತೂಕ ಇಳಿಸುವ ಗುಳಿಗೆಯಲ್ಲಿ ನಿಷೇಧಿತ ಸಿಬುಟ್ರಮಿನ್ ಸಿಕ್ಕ ಬಗ್ಗೆ ಸಿಂಗಪುರ, ಹಾಂಗ್‌ಕಾಂಗ್ ಸರ್ಕಾರಗಳು ಆಗಾಗ ಎಚ್ಚರಿಕೆ ಹೊರಡಿಸುತ್ತವೆ. 2008ರಲ್ಲಿ ಸಿಂಗಪುರದಲ್ಲಿ ಅಕ್ರಮವಾಗಿ ಮಾರುತ್ತಿದ್ದ 'ಪುರುಷಶಕ್ತಿ' ಗುಳಿಗೆಯಲ್ಲಿ ಗ್ಲೈಬೆನ್‌ಕ್ಲಮೈಡ್ ಬೆರೆತು, ಸಕ್ಕರೆ ಕಾಯಿಲೆಯೇ ಇಲ್ಲದವರು ಶುಗರ್ ಕುಸಿದು ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಹಾಂಗ್‌ಕಾಂಗ್‌ನಲ್ಲಿ ಡಬ್ಬಿಯ ಮೇಲೆ ಎಚ್‌ಕೆಸಿ ಅಥವಾ ಎಚ್‌ಕೆಪಿ ಎಂದು ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ರಾತ್ರಿ ಮಾರುಕಟ್ಟೆ, ಆನ್‌ಲೈನ್ ಅಂಗಡಿ, ವಾಟ್ಸಾಪ್ ಗುಂಪುಗಳಿಂದ ಕೊಳ್ಳಬೇಡಿ. ಎರಡೇ ದಿನಕ್ಕೆ ಹತ್ತು ವರ್ಷದ ಕೀಲುನೋವು ಮಾಯವಾದರೆ ಸ್ಟಿರಾಯ್ಡ್ ಇದೆಯೇನೋ ಎಂದು ಅನುಮಾನಿಸಿ.

ಸಸ್ಯಾಹಾರಿಗಳು ಇಲ್ಲೇ ಬಾಯಿಬಿಟ್ಟು ಕೇಳಬೇಕು. ಚೀನೀ ಮದ್ದಿನಲ್ಲಿ ಕತ್ತೆಯ ಚರ್ಮದ ಅಂಟು (ಎಜಿಯಾವೊ), ಎರೆಹುಳು (ದಿಲಾಂಗ್), ಜೀರುಂಡೆಯ ಪೊರೆ, ಚೇಳು, ಜಿಂಕೆಯ ಕೊಂಬು, ಸಿಂಪಿ ಚಿಪ್ಪು ಎಲ್ಲವೂ ಬಳಕೆಯಲ್ಲಿವೆ. ಪಾರ್ಶ್ವವಾಯುವಿಗೆ ಹೆಸರಾದ ಒಂದು ಕಷಾಯದಲ್ಲಿ ಎರೆಹುಳು ಖಾಯಂ. "ಮಾಂಸ ತಿನ್ನುವುದಿಲ್ಲ" ಎಂದರೆ ಸಾಲದು. "ಪ್ರಾಣಿ, ಹುಳು, ಚಿಪ್ಪು, ಜೆಲಾಟಿನ್ ಕ್ಯಾಪ್ಸೂಲ್ ಯಾವುದೂ ಬೇಡ" ಎಂದು ಹಾಳೆಯಲ್ಲೇ ಬರೆಯಿರಿ. ಬದಲಿ ಮೂಲಿಕೆ ಹಾಕಿಕೊಡಿ ಎಂದು ಕೇಳುವುದರಲ್ಲಿ ಸಂಕೋಚವೇನಿಲ್ಲ.

ಹಂತ 6: ಕೂಡಬಾರದ ಜೋಡಿಗಳನ್ನು ಪರಿಶೀಲಿಸಿ

ಇದು ಪೂರ್ತಿ ಪಟ್ಟಿಯಲ್ಲ. ಆದರೆ ಇವನ್ನು ಗೊತ್ತುಮಾಡಿಕೊಂಡರೆ ದೊಡ್ಡ ಅನಾಹುತಗಳು ತಪ್ಪುತ್ತವೆ.

ರಕ್ತ ತೆಳು ಮಾಡುವ ವಾರ್ಫರಿನ್, ಅಸಿಟ್ರಾಮ್‌ನಂಥ ಮಾತ್ರೆಯೊಡನೆ ಡಾನ್‌ಶೆನ್ ಮತ್ತು ಡಾಂಗ್‌ಗ್ವೆ ಎಂಬ ಬೇರುಗಳು ಬೇಡ. ಡಾನ್‌ಶೆನ್ ಬೇರು ಚೀನಾದಲ್ಲಿ ಎದೆನೋವಿಗೆ ಬಹಳ ಬಳಕೆಯಲ್ಲಿದೆ, ಹಾಗಾಗಿ ಹೃದ್ರೋಗಿಗಳಿಗೇ ಹೆಚ್ಚು ಸಿಗುತ್ತದೆ. ವಾರ್ಫರಿನ್ ಜೊತೆ ಸೇರಿದಾಗ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ಮಿತಿ ಮೀರಿ ರಕ್ತಸ್ರಾವವಾದ ಪ್ರಕರಣಗಳನ್ನು ಹಾಂಗ್‌ಕಾಂಗ್ ವೈದ್ಯರು 1990ರ ದಶಕದಲ್ಲೇ ದಾಖಲಿಸಿದ್ದಾರೆ. ಜಿನ್‌ಸೆಂಗ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಅಂದರೆ ವಾರ್ಫರಿನ್‌ನ ಬಲ ತಗ್ಗಿಸುವಂತೆ ಕೆಲಸ ಮಾಡಬಹುದು. ಗಿಂಕೊ ಎಲೆಯ ಮಾತ್ರೆಯನ್ನೂ ದೂರವಿಡಿ. ಡಾಂಗ್‌ಗ್ವೆ ಬರೀ ಔಷಧಿಯಂಗಡಿಯಲ್ಲಲ್ಲ, ಚೀನೀ ಬಾಣಂತನದ ಸೂಪಿನಲ್ಲೂ ಇರುತ್ತದೆ. ಸಿಂಗಪುರದಲ್ಲಿ ಹೆರಿಗೆಯಾಗಿ ಅಲ್ಲಿನ ಬಾಣಂತನದ ಆಯಾ ಇಟ್ಟುಕೊಂಡವರು, ಹೆರಿಗೆ ನಂತರ ರಕ್ತ ತೆಳು ಮಾಡುವ ಚುಚ್ಚುಮದ್ದು ನಡೆಯುತ್ತಿದ್ದರೆ, ಸೂಪಿನಲ್ಲಿ ಏನೇನಿದೆಯೆಂದು ಕೇಳಿಕೊಳ್ಳಿ.

ಬಿಪಿ ಮಾತ್ರೆಯೊಡನೆ ಜ್ಯೇಷ್ಠಮಧು. ಅವರು ಗಾನ್‌ತ್ಸಾವೊ ಎನ್ನುವ ಇದು ಚೀನೀ ಯೋಗಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಮೂಲಿಕೆಗಳಲ್ಲೊಂದು. ನಮಗೆ ಕೆಮ್ಮಿನ ಮನೆಮದ್ದಾಗಿ ಪರಿಚಯವಿರುವುದರಿಂದ ಯಾರೂ ಅನುಮಾನಿಸುವುದಿಲ್ಲ. ವಾರಗಟ್ಟಲೆ ತೆಗೆದುಕೊಂಡರೆ ದೇಹ ಉಪ್ಪು-ನೀರು ಹಿಡಿದಿಟ್ಟುಕೊಂಡು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಮಾ ಹ್ವಾಂಗ್ (ಎಫಿಡ್ರ) ಕೂಡ ಬಿಪಿ, ಹೃದಯ ಬಡಿತ ಎರಡನ್ನೂ ಏರಿಸುತ್ತದೆ. ಅಮೆರಿಕ 2004ರಲ್ಲಿ ಇದಿರುವ ಆಹಾರಪೂರಕಗಳನ್ನು ನಿಷೇಧಿಸಿತು. ಕ್ರೀಡಾಪಟುಗಳು ಇದನ್ನು ಮುಟ್ಟಲೇಬಾರದು, ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ.

ಫೂಜಿ, ಚುವಾನ್‌ವು, ತ್ಸಾವೊವು ಎಂಬ ಮೂರು ಬೇರುಗಳು ನಮ್ಮ ವತ್ಸನಾಭಿಯ ಕುಲದವು. ಕೀಲುನೋವಿನ ಕಷಾಯದಲ್ಲಿ ಬರುತ್ತವೆ. ಸರಿಯಾಗಿ ಶುದ್ಧಿ ಮಾಡಿ, ಬಹಳ ಹೊತ್ತು ಕುದಿಸದಿದ್ದರೆ ಪ್ರಾಣಕ್ಕೇ ಸಂಚಕಾರ. ಹೃದ್ರೋಗಿಗಳು ಯಾವ ರೂಪದಲ್ಲೂ ತೆಗೆದುಕೊಳ್ಳಬೇಡಿ. ಕುಡಿದ ಮೇಲೆ ತುಟಿ, ನಾಲಿಗೆ ಜೋಮು ಹಿಡಿದರೆ ಅದೇ ಮೊದಲ ಲಕ್ಷಣ.

ಕೂದಲು ಕಪ್ಪಾಗಲೆಂದು ತಿನ್ನುವ ಹೆ ಶೌ ವು ಬೇರಿನಿಂದ ಲಿವರ್‌ಗೆ ಪೆಟ್ಟಾಗಿ ಕಾಮಾಲೆ ಬಂದವರಿದ್ದಾರೆ. ಸಂಧಿವಾತಕ್ಕೆ ಕೊಡುವ ಲೇಗಾಂಗ್‌ತೆಂಗ್ ಎಂಬ ಬಳ್ಳಿ ರೋಗನಿರೋಧಕ ಶಕ್ತಿಯನ್ನು ಜೋರಾಗಿ ಅಡಗಿಸುತ್ತದೆ, ಮುಟ್ಟು ನಿಲ್ಲಿಸಬಹುದು, ವೀರ್ಯಾಣು ಇಳಿಸಬಹುದು, ಮಕ್ಕಳಾಗಬೇಕೆಂದಿರುವವರಿಗೆ ಸಲ್ಲದು. ಜಪಾನಿನಲ್ಲಿ ಶೊಸೈಕೊತೊ ಎಂಬ ಯೋಗವನ್ನು ಹೆಪಟೈಟಿಸ್‌ನ ಇಂಟರ್‌ಫೆರಾನ್ ಚುಚ್ಚುಮದ್ದಿನೊಡನೆ ಕೊಟ್ಟಾಗ ಶ್ವಾಸಕೋಶದ ತೀವ್ರ ಉರಿಯೂತ ಕಾಣಿಸಿತು. ಡಾಕ್ಟರುಗಳೇ ಬರೆದ ಮದ್ದು, ಸರ್ಕಾರವೇ ಖರ್ಚು ಕೊಟ್ಟ ಮದ್ದು. ಆದರೂ 1994ರಲ್ಲಿ ಆ ಜೋಡಿಯನ್ನು ನಿಷೇಧಿಸಬೇಕಾಯಿತು.

ಹಸುಗೂಸಿಗೆ ಹ್ವಾಂಗ್‌ಲಿಯೆನ್ ಎಂಬ ಕಹಿ ಮೂಲಿಕೆ ಬೇಡ. ಮಗುವಿನ 'ಉಷ್ಣ' ತೆಗೆಯಲು ಇದನ್ನು ನೆಕ್ಕಿಸುವ ರೂಢಿ ಚೀನೀ ಕುಟುಂಬಗಳಲ್ಲಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಕಾಮಾಲೆ ಉಲ್ಬಣಿಸುವ ಭಯದಿಂದ ಸಿಂಗಪುರ ಇದನ್ನು 1978ರಲ್ಲಿ ನಿಷೇಧಿಸಿ, ದಶಕಗಳ ನಂತರ ಆ ನಿಷೇಧ ತೆಗೆಯಿತು. ಈ ಕೊರತೆ ಭಾರತೀಯರಲ್ಲೂ ಉಂಟು. ಸಿಂಗಪುರದಲ್ಲಿ ಹುಟ್ಟಿದ ಮಕ್ಕಳಿಗೆ ಪರೀಕ್ಷೆ ಆಗಿರುತ್ತದೆ, ಊರಲ್ಲಿ ಹುಟ್ಟಿದವರಿಗೆ ಆಗಿರಲಿಕ್ಕಿಲ್ಲ.

ಇನ್ನು ಅಂಗಾಂಗ ಕಸಿ ಮಾಡಿಸಿಕೊಂಡವರು, ಕೀಮೋ ನಡೆಯುತ್ತಿರುವವರು, ಮೂರ್ಛೆರೋಗ ಅಥವಾ ಎಚ್‌ಐವಿ ಮಾತ್ರೆಯವರು, ಡಯಾಲಿಸಿಸ್‌ನವರು, ಬಸುರಿಯರು: ನಿಮ್ಮ ತಜ್ಞರು ಬರೆದು ಒಪ್ಪದ ಹೊರತು ಯಾವ ಮೂಲಿಕೆಯೂ ಬೇಡ.

ಹಂತ 7: ಆಸ್ಪತ್ರೆ ಡಾಕ್ಟರಿಗೆ ಹೇಳಿ

ಬೈಯುತ್ತಾರೆಂಬ ಭಯಕ್ಕೆ ಮುಚ್ಚಿಡುವವರೇ ಹೆಚ್ಚು. "ಡಾಕ್ಟ್ರೇ, ಬೇರೆ ಮದ್ದು ತಗೊಳ್ಳಲಾ?" ಎಂದು ಮೊಗಮ್ಮಾಗಿ ಕೇಳಿದರೆ "ಬೇಡ" ಎಂಬ ಉತ್ತರವೇ ಬರುತ್ತದೆ. ಹೀಗೆ ಕೇಳಿ ನೋಡಿ: "ಡಾಕ್ಟ್ರೇ, ಸೊಂಟನೋವಿಗೆ ಈ ಕಷಾಯ ನಾಲ್ಕು ವಾರ ತಗೊಳ್ಳಬೇಕೆಂದಿದ್ದೇನೆ. ಒಳಗಿರುವುದೆಲ್ಲ ಈ ಚೀಟಿಯಲ್ಲಿದೆ. ನನ್ನ ಮಾತ್ರೆ ಯಾವುದಕ್ಕಾದರೂ ತೊಂದರೆಯಾಗುತ್ತದಾ? ಮಧ್ಯೆ ಯಾವ ರಕ್ತಪರೀಕ್ಷೆ ಮಾಡಿಸಲಿ?" ಡಾಕ್ಟರಿಗೆ ಮೂಲಿಕೆ ಪರಿಚಯವಿಲ್ಲದಿದ್ದರೆ ಆಸ್ಪತ್ರೆಯ ಫಾರ್ಮಸಿಸ್ಟರನ್ನು ಕೇಳಿ; ಮದ್ದುಮದ್ದುಗಳ ಜಗಳ ಹುಡುಕುವುದು ಅವರ ನಿತ್ಯದ ಕೆಲಸ.

ಶುರುಮಾಡುವ ಮುನ್ನ ಲಿವರ್, ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಒಮ್ಮೆ ಆಗಿರಲಿ. ಮುಂದೆ ಏನಾದರೂ ಏರುಪೇರಾದರೆ ಹೋಲಿಸಲು ಬೇಕು.

ಹಂತ 8: ಶುರುಮಾಡಿ, ಅಳೆಯಿರಿ, ನಿಲ್ಲಿಸುವ ದಿನ ಗೊತ್ತುಮಾಡಿ

ಒಂದು ಸಲಕ್ಕೆ ಒಂದೇ ಬದಲಾವಣೆ. ಹೊಸ ಬಿಪಿ ಮಾತ್ರೆ, ಹೊಸ ಕಷಾಯ ಎರಡನ್ನೂ ಒಂದೇ ವಾರ ಶುರುಮಾಡಿದರೆ ಮೈ ಕಡಿತ ಯಾವುದರಿಂದ ಬಂತೆಂದು ಯಾರೂ ಹೇಳಲಾರರು.

ಕಷಾಯವನ್ನು ಮಣ್ಣಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಬೇಡ. ಕೆಲವು ಮೂಲಿಕೆಗಳನ್ನು ಮೊದಲೇ ಹಾಕಬೇಕು, ಪುದೀನದಂಥವನ್ನು ಕೊನೆಯಲ್ಲಿ. ಬೇರೆ ಪೊಟ್ಟಣವಾಗಿ ಕೊಟ್ಟಿದ್ದರೆ ಕಾರಣ ಕೇಳಿ. ನಿನ್ನೆಯ ಚರಟ ಮತ್ತೆ ಮತ್ತೆ ಕುದಿಸಬೇಡಿ.

ಮಾತ್ರೆಗೂ ಕಷಾಯಕ್ಕೂ ಒಂದೆರಡು ಗಂಟೆ ಅಂತರ ಬಿಡಿ ಎನ್ನುತ್ತಾರೆ. ಬಿಡಿ. ಆದರೆ ಅಂತರ ಬಿಟ್ಟರೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಹೊಟ್ಟೆಯಲ್ಲಿ ಒಂದು ಮತ್ತೊಂದನ್ನು ಹಿಡಿದಿಟ್ಟುಕೊಳ್ಳುವುದು ಮಾತ್ರ ಅದರಿಂದ ತಪ್ಪುತ್ತದೆ. ಡಾನ್‌ಶೆನ್ ವಾರ್ಫರಿನ್ ಮೇಲೆ ಕೆಲಸ ಮಾಡುವುದು ರಕ್ತದಲ್ಲಿ, ಲಿವರ್‌ನಲ್ಲಿ. ಬೆಳಿಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಂಡರೂ ಅಪಾಯ ಅಷ್ಟೇ.

ಮನೆಯಲ್ಲಿ ಬಿಪಿ, ಶುಗರ್ ದಿನವೂ ಬರೆದಿಡಿ. ನೋವಿಗೆ 0ಯಿಂದ 10ರ ಅಂಕ ಕೊಟ್ಟು ವಾರಕ್ಕೊಮ್ಮೆ ಬರೆಯಿರಿ. ವಾರ್ಫರಿನ್‌ನವರು ಡಾಕ್ಟರು ಒಪ್ಪಿದ ಮೂಲಿಕೆಯನ್ನೇ ತೆಗೆದುಕೊಂಡರೂ ಒಂದು ವಾರದೊಳಗೆ ಐ.ಎನ್.ಆರ್. ಮಾಡಿಸಿ. ಮೂಲಿಕೆ ನಾಲ್ಕು ವಾರ ದಾಟಿದರೆ ಲಿವರ್, ಕಿಡ್ನಿ ಪರೀಕ್ಷೆ ಮತ್ತೊಮ್ಮೆ ಆಗಲಿ. ಸೂಜಿಗೆ ಹತ್ತು ಸಲ, ಕಷಾಯಕ್ಕೆ ನಾಲ್ಕರಿಂದ ಆರು ವಾರ ಎಂದು ಮೊದಲೇ ಗೊತ್ತುಮಾಡಿ. ಅಷ್ಟರಲ್ಲಿ ಅಂಕ ಇಳಿಯದಿದ್ದರೆ ನಿಲ್ಲಿಸಿ. ಇಪ್ಪತ್ತು ಸಲದ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ.

ಮದ್ದಿನಿಂದ ಬಿಪಿ, ಶುಗರ್ ಚೆನ್ನಾಗಿ ಇಳಿಯಿತೆಂದು ಆಸ್ಪತ್ರೆಯ ಮಾತ್ರೆಯನ್ನು ನೀವಾಗಿ ಬಿಡಬೇಡಿ, ಅರ್ಧ ಮಾಡಬೇಡಿ. ಬರೆದಿಟ್ಟ ಅಂಕಿಗಳನ್ನು ಡಾಕ್ಟರಿಗೆ ತೋರಿಸಿ, ಇಳಿಸುವುದಿದ್ದರೆ ಅವರು ಇಳಿಸಲಿ.

ಆಪರೇಷನ್ ಗೊತ್ತಾಗಿದ್ದರೆ ಕನಿಷ್ಠ 2 ವಾರ ಮುಂಚೆ ಎಲ್ಲ ಮೂಲಿಕೆ ನಿಲ್ಲಿಸಿ, ಅರಿವಳಿಕೆ ಡಾಕ್ಟರಿಗೂ ಹೇಳಿ. ಹಲ್ಲು ಕೀಳಿಸುವಾಗಲೂ ಹೇಳಿ.

ಊರಿಗೆ ಹೊರಟಾಗ ಮದ್ದು ಕೊಂಡೊಯ್ಯುವುದಿದ್ದರೆ ಮೂಲ ಡಬ್ಬಿಯಲ್ಲಿ, ಚೀಟಿಯೊಂದಿಗೆ ಒಯ್ಯಿರಿ. ಹುಲಿಮೂಳೆ, ಘೇಂಡಾಮೃಗದ ಕೊಂಬು, ಚಿಪ್ಪುಹಂದಿಯ ಚಿಪ್ಪು ಇರುವ ಯಾವುದನ್ನೂ ಕೊಳ್ಳಬೇಡಿ, ಒಯ್ಯಬೇಡಿ. ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿದೆ.

ಹಂತ 9: ತೊಂದರೆ ಕಂಡರೆ

ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ವಿಪರೀತ ಸುಸ್ತು, ಮೈತುಂಬ ಗಂಧೆ, ಮೂತ್ರ ಕಡಿಮೆಯಾಗುವುದು, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಇವುಗಳಲ್ಲಿ ಯಾವುದು ಕಂಡರೂ ಮೂಲಿಕೆ ಅಂದೇ ನಿಲ್ಲಿಸಿ, ಅಂದೇ ಡಾಕ್ಟರನ್ನು ನೋಡಿ. ತುಟಿ ಜೋಮು, ಎದೆ ಡವಗುಟ್ಟುವುದು, ಬೆವರಿ ತಲೆಸುತ್ತುವುದು, ಕಪ್ಪು ಮಲ, ಉಸಿರಾಟದ ಕಷ್ಟ ಇದ್ದರೆ ಕಾಯದೆ ಆಂಬುಲೆನ್ಸ್ ಕರೆಯಿರಿ: ಸಿಂಗಪುರದಲ್ಲಿ 995, ಹಾಂಗ್‌ಕಾಂಗ್‌ನಲ್ಲಿ 999, ಚೀನಾದಲ್ಲಿ 120, ಅಮೆರಿಕದಲ್ಲಿ 911, ಕರ್ನಾಟಕದಲ್ಲಿ 108. "ವಿಷ ಹೊರಗೆ ಹೋಗುತ್ತಿದೆ, ಸಹಿಸಿಕೊಳ್ಳಿ" ಎಂದು ಯಾರು ಹೇಳಿದರೂ ಕೇಳಬೇಡಿ.

ಹೋಗುವಾಗ ಹಾಳೆ, ಚೀಟಿ, ಉಳಿದ ಪೊಟ್ಟಣ, ಪಾತ್ರೆಯ ತಳದಲ್ಲಿರುವ ಚರಟವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೆಗೆದುಕೊಂಡು ಹೋಗಿ. ಯಾವ ಬೇರು ಒಳಗೆ ಹೋಗಿದೆಯೆಂದು ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ. ಗುಣವಾದ ಮೇಲೆ ಆ ದೇಶದ ಔಷಧ ಇಲಾಖೆಗೆ ದೂರು ಬರೆಸಲು ಡಾಕ್ಟರನ್ನು ಕೇಳಿ, ಚೀನೀ ವೈದ್ಯರಿಗೂ ನಡೆದದ್ದನ್ನು ತಿಳಿಸಿ.